ಸಮಿತಿಗೆ ಕಾಯಿಸಿದ ಕಾಫಿ

ಎಪ್ಪತ್ತನಾಲ್ಕನೇ ಇಸವಿ. ದೊಡ್ಡಬಳ್ಳಾಪುರದಲ್ಲಿ ಸೀಮೆಎಣ್ಣೆಗೆ ನಿಂತಿದ್ದೆ. ನನ್ನ ಮುಂದೆ ಅಕ್ಕಪಕ್ಕದ ಮನೆಯ ಸಪ್ಪಲಮ್ಮ, ಹಬೀಬುನ್ನೀಸಾ ಮಾತಾಡುತ್ತಿದ್ದರು. ಹಬೀಬುನ್ನೀಸಾಗೆ ಕುತೂಹಲ.

“ಸಲಹಾ ಸಮಿತಿಯೋರು ಬಂದಿದ್ರಲ್ಲ ಸಪ್ಪಲಕ್ಕ, ಏನ್ ಕೇಳಿದ್ರು?”

“ಒಲೆಗೆ ಏನ್ ಉರಿಸ್ತೀಯ ಅಂದ್ರು. ಸೌದೆ ಇಲ್ದಿರೋ ಮನೆಗೆ ಎಣ್ಣೆ ಜಾಸ್ತಿ ಕೊಡಿ ಅಂತ ಸರ್ಕಾರಕ್ಕೆ ಬರೀತಾರಂತೆ.”

“ನಿಮ್ಮ ಹೆಸರು ಬರ್ಕೊಂಡ್ರಾ?”

“ಎಲ್ಲಿ! ಮನೇಗೆ ಬಂದೋರು ಅಂತ ನಿಮ್ಮ ಸ್ಟವ್ ಇಸ್ಕೊಂಡು ಕಾಫಿ ಕಾಯಿಸ್ಕೊಟ್ಟೆ. ಕುಡಿದ್ರು, ಸ್ಟವ್ ನೋಡಿದ್ರು, ‘ಈ ಮನೇಲಿ ಉರುವಲಿಗೆ ತೊಂದರೆ ಇಲ್ಲ’ ಅಂತ ಬರ್ಕೊಂಡ್ ಹೋದ್ರು.”

“ಸ್ಟವ್ ನಮ್ದು ಅಂತ ಹೇಳ್ಬೇಕಿತ್ತು!”

“ಹೇಳ್ದೆ. ‘ಕೇಳಿದ್ರೆ ಸಿಗುತ್ತಲ್ಲಮ್ಮ’ ಅಂದ್ರು.”

“ನಾಳೆ ನಮ್ಮನೆಗಂತೆ.”

“ಸ್ಟವ್ ಬಚ್ಚಿಟ್ಬಿಡಿ. ಒಲೆ ಮುಂದೆ ಬರೀ ಪುಳ್ಳೆ ಇರ್ಲಿ.”

“ಮತ್ತೆ ಚಾ?”

“ಕೊಡಲೇಬೇಡಿ.”

“ಬಂದೋರ್ನ ಹಂಗೇ ಕಳಿಸೋದಾ? ಇವತ್ತು ಎಣ್ಣೆಗೆ ನಿಂತಿರೋದೇ ಅವರ ಚಾಗೆ.”

ಅಷ್ಟರಲ್ಲಿ ಹಬೀಬುನ್ನೀಸಾ ಸರದಿ ಬಂತು. ಸೀಸೆ ತುಂಬಿಸಿಕೊಂಡು, ಬಿರಡೆ ಒತ್ತಿ, ಹಾಲು ತರಲು ಹೊರಟರು.

ಸಪ್ಪಲಮ್ಮ ಸಾಲು ಬಿಟ್ಟು ಹಿಂದೆಯೇ ಓಡಿದರು.

“ಹಬೀಬಮ್ಮಾ, ಸಕ್ಕರೆ ನಮ್ಮನೇಲೈತೆ, ತಗೊಂಡ್ಹೋಗಿ!”