ಹದಿನೇಳನೇ ಪುಟದ ನಲವತ್ತು ಸೆಕೆಂಡು

ದೀಪ ಸಣ್ಣದು ಮಾಡು, ಹೇಳ್ತೀನಿ. ಇದು ಯಾರೋ ಕಟ್ಟಿದ ಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು.

ಅಕ್ಕ ಕಂಪ್ಯೂಟರಲ್ಲಿ ಪಾಠ ತಯಾರು ಮಾಡ್ತಾಳೆ. ಕಾರ್ಖಾನೆಗೆ ಹೊಸದಾಗಿ ಸೇರಿದವರು ನೋಡಿ ಕಲಿಯೋ ಪಾಠ. ಚಿತ್ರ, ಅಕ್ಷರ, ಜೊತೆಗೆ ಅವಳದೇ ದನಿ. ಆವತ್ತು ರಾತ್ರಿ ಹತ್ತೂವರೆಗೆ ಕೆಲಸ ಮುಗಿಸಿ ಹಾಳುಬಾವಿ ದಾರೀಲಿ ಬರ್ತಿದ್ಲು. ಫೋನು ಬಂತು. ಪ್ಲಾಸ್ಟಿಕ್ ಪುಡಿ ಮಾಡೋ ಕಾರ್ಖಾನೆಯ ಮೇಸ್ತ್ರಿ.

"ಮೇಡಂ, ಹದಿನೇಳನೇ ಪುಟದಲ್ಲಿ ಪಾಠ ನಿಂತೋಗುತ್ತೆ. 'ಮುಂದೆ' ಒತ್ತಿದ್ರೆ ಕಲ್ಲು ಒತ್ತಿದ ಹಾಗೆ. ಬೆಳಿಗ್ಗೆ ಏಳಕ್ಕೆ ಹೊಸಬರು ಬರ್ತಾರೆ."

"ಸರಿ" ಅಂದ್ಲು. ಅಷ್ಟೇ. ಮೂರು ವಾರದಿಂದ ನಿದ್ದೆಗೆಟ್ಟು ಅವಳಿಗೆ ಸಿಟ್ಟೂ ಬರ್ತಿರ್ಲಿಲ್ಲ, ಭಯಾನೂ ಇರ್ಲಿಲ್ಲ.

ಮನೇಲಿ ಫೈಲು ತೆರೆದ್ಲು. ಆ ಪುಟದಲ್ಲಿ ಅವಳು ಓದಿದ್ದು ಇಷ್ಟೇ: "ಸ್ವಿಚ್ ಆರಿಸಿ, ಮುಚ್ಚಳ ತೆಗೆಯಿರಿ." ಆರು ಸೆಕೆಂಡು. ಅಲ್ಲಿದ್ದ ಧ್ವನಿ ನಲವತ್ತಾರು ಸೆಕೆಂಡು. ಧ್ವನಿ ಮುಗಿಯೋವರೆಗೂ 'ಮುಂದೆ' ತೆರೆಯಲ್ಲ. ಅಷ್ಟು ಹೊತ್ತು ಯಾರು ಕಾಯ್ತಾರೆ?

ಆರು ಸೆಕೆಂಡಿನ ಆಚೆಗಿದ್ದ ಬಾಲ ಕತ್ತರಿಸಿದ್ಲು. ಉಳಿಸಿ ತೆರೆದ್ರೆ ಮತ್ತೆ ನಲವತ್ತಾರು. ಪುಟ ಅಳಿಸಿ ಹೊಸದಾಗಿ ಓದಿದ್ಲು. ನಲವತ್ತಾರು. ಹೊಸ ಫೈಲು ಮಾಡಿ ಒಂದೊಂದೇ ಪುಟ ಹೊತ್ತು ಹಾಕಿದ್ಲು. ಬಟ್ಟೆ ಬದಲಾಯಿಸಿದ್ರೆ ಮಚ್ಚೆ ಹೋಗುತ್ತಾ? ನಲವತ್ತಾರು.

ಇಯರ್‌ಫೋನ್ ಹಾಕಿಕೊಂಡು ಆ ಬಾಲ ಕೇಳಿದ್ಲು...

ಗರ್ರ್ರ್ರ್... ಗರ್ರ್ರ್... ಗರ್ರ್... ಟಕ್... ಟಕ್.

ಏನೋ ಭಾರದ್ದು ತಿರುಗಿ ತಿರುಗಿ ನಿಲ್ಲೋ ಸದ್ದು. ಆಮೇಲೆ ಒಬ್ಬ ಗಂಡಸಿನ ಉಸಿರು. ಕಿವಿ ಹತ್ರ. ಮೆಲ್ಲಗೆ...

"ಈಗ."

ಅಕ್ಕ ಮೇಸ್ತ್ರಿಗೆ ಫೋನು ಮಾಡಿದ್ಲು. ಮನೆಯವರು ಮಲಗಿದ್ರು, ಪಿಸುಗುಟ್ಟಿದ್ಲು.

"ಸ್ವಿಚ್ ಆರಿಸಿದ ಮೇಲೆ ಪುಡಿ ಮಾಡೋ ಮಿಷಿನ್ನಿನ ಬ್ಲೇಡು ಎಷ್ಟು ಹೊತ್ತು ತಿರುಗುತ್ತೆ?"

"ನಲವತ್ತು ಸೆಕೆಂಡು... ಯಾರು ಹೇಳಿದ್ರು ನಿಮಗೆ?"

"ಪಾಠದಲ್ಲಿ ಅದಿಲ್ಲ."

"ನಾವು ಬರೆದುಕೊಟ್ಟ ಕಾಗದದಲ್ಲೇ ಇರ್ಲಿಲ್ಲ ಮೇಡಂ. ಹೋದ ತಿಂಗಳು ನಮ್ಮೋನೊಬ್ಬ ಸ್ವಿಚ್ ಆರಿಸಿದ ತಕ್ಷಣ ಮುಚ್ಚಳ ತೆಗೆದು ಕೈ ಹಾಕಿದ. ಆಸ್ಪತ್ರೆ ಮುಟ್ಲಿಲ್ಲ."

ಅಕ್ಕ ಫೋನಿಟ್ಟು, ಪುಟದಲ್ಲಿ ಒಂದು ಸಾಲು ಸೇರಿಸಿದ್ಲು: "ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಿರಿ, ನಲವತ್ತು ಸೆಕೆಂಡು." ಓದಿ ಉಳಿಸಿದ್ಲು. ಈ ಸಲ ಧ್ವನಿ ಅವಳು ಓದಿದಷ್ಟೇ ಇತ್ತು. 'ಮುಂದೆ' ತೆರೆದುಕೊಂಡಿತು. ಬೆಳಿಗ್ಗೆ ಏಳಕ್ಕೆ ಹೊಸಬರು ನೋಡಿದ್ದು ಅದೇ ಪಾಠ.

"ಹೆದರಿಕೆ ಆಗ್ಲಿಲ್ವಾ ಅಕ್ಕಾ?" ಅಂತ ಕೇಳಿದೆ.

"ಏನೂ ಆಗ್ಲಿಲ್ಲ ಕಣೋ. ನೀರು ಕುಡಿದು ಮಲಗಿದೆ."

ಮಾರನೇ ದಿನ ಮಧ್ಯಾಹ್ನ ನಾನು ಅವರ ಮನೇಲೇ ಇದ್ದೆ. ಅವಳ ಕೀಬೋರ್ಡಿನ ಉದ್ದ ಕೀಲಿ ಮೇಲೆ ಹೆಬ್ಬೆರಳಗಲ ಕಪ್ಪು ಗ್ರೀಸು, ಮಿಷಿನ್ನಿಗೆ ಹಚ್ಚೋದು. ಗ್ರೀಸು ಹಚ್ಚೋಕೆ ಆ ಮನೇಲಿ ಒಂದು ಸೈಕಲ್ಲೂ ಇಲ್ಲ. ನಂಬಿದ್ರೆ ನಂಬು, ಬಿಟ್ರೆ ಬಿಡು... ಅದನ್ನ ಒರೆಸಿದ್ದು ಇದೇ ಕೈ.