ನಾಯಿಯ ಎಡಗಿವಿ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಪ್ರಾಧ್ಯಾಪಕ ತಾನ್ ಅವರೇ, ಇಷ್ಟು ವರ್ಷ ನನ್ನ ಅಂಟಿನ ವಾಸನೆ ಸಹಿಸಿಕೊಂಡ ಸಹೋದ್ಯೋಗಿಗಳೇ, ಸಭಿಕರೇ,

ಲುವೊಯಾಂಗ್ ಪಕ್ಕದ ನಮ್ಮ ಈ ಪುಟ್ಟ ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ಒಡೆದದ್ದನ್ನು ಕೂಡಿಸಿ ಇವತ್ತು ನಿವೃತ್ತಳಾಗುತ್ತಿದ್ದೇನೆ. ಹಾನ್ ಅರಸರ ಕಾಲದ ಗೋರಿಗಳಿಂದ ಬಂದ ಮಣ್ಣಿನ ಹಂದಿ, ಕೋಳಿ, ಕುರಿಗಳಿಗೆ ಕಾಲು, ಕೊಕ್ಕು, ಕೊಂಬು ಅಂಟಿಸಿದ್ದೇನೆ. ಸತ್ತವರು ಒಂಟಿಯಾಗಬಾರದೆಂದು ಮಾಡಿದ ಪ್ರಾಣಿಗಳು ಅವು. ಮನೆಯ ಒಡೆದ ಟೀ ಬಟ್ಟಲು ಮಾತ್ರ ಹಾಗೇ ಇದೆಯೆಂದು ನನ್ನ ಗಂಡ ಹಂಗಿಸುತ್ತಾರೆ.

ಪ್ರಾಧ್ಯಾಪಕರು ಈಗಷ್ಟೇ ನಮ್ಮ ಕುಳಿತ ಮಣ್ಣಿನ ನಾಯಿಯನ್ನು ಹೊಗಳಿದರು. ಅದರ ಎಡಗಿವಿಯೊಳಗಿನ ಪುಟ್ಟ ಹೆಬ್ಬೆರಳ ಗುರುತು ಎರಡು ಸಾವಿರ ವರ್ಷ ಹಿಂದಿನ ಕುಂಬಾರನ ಮಗುವಿನದು ಎಂದರು. ಫಲಕದಲ್ಲೂ ಹಾಗೇ ಬರೆದಿದೆ. ಆ ಮಾತಿಗೆ ನಾನು ಎಷ್ಟು ಸಲ ತಲೆಯಾಡಿಸಿದ್ದೇನೋ. ಇವತ್ತು ಆಗಲಿಲ್ಲ.

ಆ ನಾಯಿ ನಮ್ಮಲ್ಲಿಗೆ ಬಂದಾಗ ಅದಕ್ಕೆ ಎಡಗಿವಿ ಇರಲಿಲ್ಲ.

ನನ್ನ ಮಗಳು ಯಾನ್‌ಯಾನ್‌ಗೆ ಆಗ ಆರು ವರ್ಷ. ರಜೆಯ ದಿನ ನನ್ನ ಮೇಜಿನ ಪಕ್ಕ ಕೂರುತ್ತಿದ್ದಳು. ನಾನು ಮಾಡಿದ ಹಸಿ ಪ್ಲಾಸ್ಟರಿನ ಕಿವಿಗೆ ಹೆಬ್ಬೆರಳು ಒತ್ತಿಬಿಟ್ಟಳು. ಬೈದೆ.

"ತೂತೇ ಇಲ್ದಿದ್ರೆ ಅದಕ್ಕೆ ಹೇಗಮ್ಮ ಕೇಳ್ಸುತ್ತೆ?" ಎಂದಳು.

ನನ್ನ ಗುರುಗಳಾದ ಶಾವೊ ನಕ್ಕರು. "ಮಗಳು ನಿನಗಿಂತ ಜಾಣೆ ಕಣಮ್ಮ, ಗುಯ್‌ಮೇ. ಆದ್ರೂ ಕಿವಿ ಹೊಸದು ಮಾಡು."

ನಾಳೆ ಮಾಡುತ್ತೇನೆ ಎಂದೆ. ಆ ನಾಳೆ ಅವಳಿಗೆ ಜ್ವರ ಬಂತು. ಒಂಬತ್ತನೆಯ ದಿನ ಅವಳಿರಲಿಲ್ಲ.

ಅಷ್ಟು ಚಿಕ್ಕ ಮಕ್ಕಳಿಗೆ ನಮ್ಮೂರಲ್ಲಿ ಗೋರಿ ಕಟ್ಟುವುದಿಲ್ಲ, ನಿಮಗೆಲ್ಲ ಗೊತ್ತು. ಬಟ್ಟೆಬರೆ ಸುಟ್ಟೆವು. ಅತ್ತೆ ಅವಳ ಚಪ್ಪಲಿಯನ್ನೂ ಬಿಡಲಿಲ್ಲ.

ಹೊಸದಾಗಿ ಸೇರಿಸಿದ ಭಾಗದ ಬಣ್ಣ ಸ್ವಲ್ಪ ತೆಳುವಾಗಿರಬೇಕು. ಯಾವುದು ಹಳೆಯದು, ಯಾವುದು ನಮ್ಮದು ಎಂದು ನೋಡಿದವರಿಗೆ ತಿಳಿಯಬೇಕು. ಅದು ನಮ್ಮ ಕೆಲಸದ ಮರ್ಯಾದೆ. ಆ ಒಂದು ಕಿವಿಗೆ ಮಾತ್ರ ನಾನು ಹಳೆಯ ಬಣ್ಣವನ್ನೇ ಹಚ್ಚಿದೆ. ಹೊಸದೆಂದು ಗೊತ್ತಾದರೆ ಯಾರಾದರೂ ತೆಗೆದುಬಿಟ್ಟಾರೆಂಬ ಭಯ. ಶಾವೊ ಗುರುಗಳು ನೋಡಿದರು. ನಾಯಿಯನ್ನು ತಾವೇ ಗಾಜಿನ ಪೆಟ್ಟಿಗೆಗೆ ಎತ್ತಿಟ್ಟರು.

ಇದು ಸುಳ್ಳಲ್ಲವೇ? ಸುಳ್ಳೇ. ಅದನ್ನು ಇಲ್ಲೇ ಬಿಟ್ಟು ಮನೆಗೆ ಹೋಗಲೇ?

ನನ್ನ ಜಾಗಕ್ಕೆ ಬರುವ ಲುವಾನ್, ನಾಳೆ ಆ ಕಿವಿ ತೆಗಿ. ತೆಳು ಬಣ್ಣದ ಬೇರೆ ಕಿವಿ ಇಡು. ಬಿಸಿನೀರಿನ ಹಬೆ ಸಾಕಪ್ಪ, ಅಂಟು ಬಿಡುತ್ತದೆ. ಮೆಲ್ಲಗೆ. ತೆಗೆದದ್ದನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ.

ಇಷ್ಟು ಹೊತ್ತು ನೀವು ನನ್ನ ಮಾತು ಕೇಳಿದಿರಿ. ಆ ನಾಯಿ ಇಪ್ಪತ್ತಾರು ವರ್ಷ ಕೇಳಿದೆ. ಇಬ್ಬರಿಗೂ ನಾನು ಋಣಿ. ನಮಸ್ಕಾರ.