ಕಸ ಗುಡಿಸುವ ಮುಂಚೆ

ಅಧ್ಯಕ್ಷತೆ ವಹಿಸಿರುವ ಬೋರಣ್ಣನವರೇ, ವೇದಿಕೆಯ ಮೇಲಿರುವ ಹಿರಿಯರೇ, ಈ ಫೋಟೋಗಳನ್ನೆಲ್ಲ ತೆಗೆದ ಮಾಲತೇಶ್ ಅವರೇ, ನನ್ನ ಮಾತು ಮುಗಿಯುವವರೆಗೆ ಮೊಬೈಲ್ ನೋಡುವುದಿಲ್ಲವೆಂದು ನಾನು ನಂಬಿರುವ ಸಭಿಕರೇ,

ಈ ಫೋಟೋ ಪ್ರದರ್ಶನದ ಟೇಪು ಕತ್ತರಿಸಲು ಕರೆದರು, ಕತ್ತರಿಸಿದೆ. ಎರಡು ಮಾತಾಡಿ ಎಂದರು. ಈ ಕಮಲಕ್ಕ ಹರಿಹರದ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನ ಪಡೆದವಳು. ಎರಡು ಮಾತಿಗೆ ನಿಲ್ಲಿಸುವ ಅಭ್ಯಾಸ ನನಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ಹರಿಹರದಿಂದ ದಾವಣಗೆರೆಗೆ, ಈ ಕೆ.ಬಿ. ಬಡಾವಣೆಯವರೆಗೆ ಬಂದದ್ದು ಒಂದು ಫೋಟೋ ಗೋಡೆಯಿಂದ ಇಳಿಸುವುದಕ್ಕೆ. ಬಾಗಿಲ ಬಲಗಡೆ, "ಒಂದು ಹಳೆಯ ಮನೆ, ಹರಿಹರ" ಎಂದು ಚೀಟಿ ಅಂಟಿಸಿದ್ದಾರಲ್ಲ, ಅದು. ಅದು ನನ್ನ ಮನೆ. ನನ್ನ ಮಗ ರಮೇಶ ನಿನ್ನೆ ಇಲ್ಲಿ ಇಣುಕಿ ಬಂದವನೇ, "ಅವ್ವಾ, ಕಟ್ಟೆ ತುಂಬಾ ಕಸ ಐತೆ. ದಾವಣಗೆರೆ ಬೀಗರು ನೋಡಿದ್ರೆ ಏನಂದ್ಕಂತಾರೆ? ತೆಗಿಸಿಬಿಡು" ಎಂದ. ಮಾಲತೇಶ್ ಅವರಿಗೆ ಫೋನ್ ಮಾಡಿದೆ. "ಒಂದ್ಸಲ ಬಂದು ನೋಡ್ರಿ ಅಮ್ಮ. ಆಮೇಲೂ ಬ್ಯಾಡ ಅಂದ್ರೆ ನಾನೇ ಇಳಿಸ್ತೀನಿ" ಎಂದರು. ಬಂದಿದ್ದೇನೆ. ನೋಡಿದ್ದೇನೆ.

ಈ ಮಾಲತೇಶ್ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವವರು. ಭಾನುವಾರ ಬಂತೆಂದರೆ ಮೊದಲ ಬಸ್ಸಿಗೆ ಹರಿಹರ ಸೇರಿ, ಹರಿಹರೇಶ್ವರನ ಗುಡಿಯಿಂದ ಹೊಳೆಯವರೆಗೆ ಓಣಿ ಓಣಿ ತಿರುಗುವವರು. ಗುಡಿಯ ಕಂಬಗಳನ್ನು ತೆಗೆಯಲಿ, ಕನ್ನಡಿಯಂಥ ಕಂಬಗಳು, ಯಾರು ಬೇಡ ಎಂದರು? ಇವರು ತೆಗೆದದ್ದೇನು? ಮಕ್ತುಮ್ ಸಾಬರ ಹೊಲಿಗೆ ಅಂಗಡಿಯ ತುಕ್ಕು ಹಿಡಿದ ಬಾಗಿಲು. ಹಗ್ಗದ ಮೇಲಿನ ಲಂಗ. ಕಿಟಕಿಯಲ್ಲಿ ಕೂತ ಬೆಕ್ಕು. ಮೊದಲ ಸಲ ಕಂಡಾಗ ಕೇಳಿಯೇಬಿಟ್ಟೆ.

"ಏನಪ್ಪಾ, ಮುನಿಸಿಪಾಲ್ಟಿಯವನಾ?"

"ಅಲ್ರೀ ಅಮ್ಮ, ಸುಮ್ನೆ."

"ಸುಮ್ನೆ ತಿರುಗಾಕೆ ಬಸ್ ಚಾರ್ಜ್ ಬ್ಯಾರೆ ಕೊಡ್ತೀಯಾ?"

ಮೂರು ವರ್ಷದ ಹಿಂದೆ ನಮ್ಮ ಮನೆಯ ಮುಂದೆ ಕ್ಯಾಮೆರಾ ಎತ್ತಿದಾಗ, "ತಡಿಯಪ್ಪಾ! ಕಸ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡ್ತೀನಿ. ಆಮೇಲೆ ತಕ್ಕೊ" ಎಂದು ಕಸಬರಿಗೆಗೆ ಒಳಗೆ ಹೋದೆ. ಅಷ್ಟರಲ್ಲಿ ಇವರು ಒಂದು ತೆಗೆದುಬಿಟ್ಟಿದ್ದಾರೆ! ರಂಗೋಲಿ ಬಿಟ್ಟ ಮೇಲೆ ಇನ್ನೊಂದು ತೆಗೆದರು. ಅದೆಲ್ಲಿ? ಇಡೀ ಹಾಲ್ ಹುಡುಕಿದೆ, ಇಲ್ಲ.

ಹೋದ ತಿಂಗಳು ಫೋನ್ ಮಾಡಿ, "ಯಾರ ಮನೆ ಅಂತ ಬರೀಲಿ? ಯಜಮಾನ್ರ ಹೆಸರೇನು?" ಎಂದು ಕೇಳಿದ್ದರು. ರಂಗೋಲಿ ಇರುವ ಫೋಟೋಕ್ಕೇ ಇರಬೇಕೆಂದುಕೊಂಡೆ. "ಗಂಡನ ಹೆಸರು ನಮ್ಮಲ್ಲಿ ಹೇಳಂಗಿಲ್ಲ. ನನ್ನ ಮಗನ್ನ ಕೇಳು" ಎಂದೆ. ಮಗ ಫೋನ್ ಎತ್ತಲಿಲ್ಲವಂತೆ. ಹಾಗಾಗಿ ನನ್ನ ಮನೆ "ಒಂದು ಹಳೆಯ ಮನೆ" ಆಯಿತು. ಹೇಗಿದೆ ನೋಡಿ! ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೂ ಕಾರ್ಡು ಮುಂದೆ ಹಿಡಿದವಳು ನಾನು. ಬಾಯಿ ಬಿಟ್ಟವಳಲ್ಲ.

ಸಭಿಕರೇ, ಆ ಕಟ್ಟೆಯ ಮೇಲೆ ಕಸ ಬಂದದ್ದಾದರೂ ಎಲ್ಲಿಂದ? ನಮ್ಮ ಯಜಮಾನರಿಂದ! ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಕೆಲಸ ಬಿಟ್ಟ ಮೇಲೆ ಬೆಳಿಗ್ಗೆ ಕಟ್ಟೆಗೆ ಕೂತು ಮಂಡಕ್ಕಿ ತಿನ್ನುವರು. ಬಾಯಿಗೆ ಅರ್ಧ, ಗುಬ್ಬಿಗೆ ಅರ್ಧ. ಚಪ್ಪಲಿ ಒಂದು ನೆಟ್ಟಗಿದ್ದರೆ ಇನ್ನೊಂದು ಮಗುಚಿ ಬಿದ್ದಿರುವುದು. "ಚಪ್ಪಲಿ ಮಗುಚಿದ್ರೆ ಮನೇಲಿ ಜಗಳ ಅಂತಾರೆ, ಒಂದಿನನಾದ್ರೂ ನೆಟ್ಟಗೆ ಬಿಡಬಾರ್ದಾ?" ಎಂದರೆ, "ಜಗಳಕ್ಕೆ ಚಪ್ಪಲಿ ಯಾಕ ಬೇಕಲೇ? ನೀನೊಬ್ಳು ಸಾಲಂಗಿಲ್ಲೇನು?" ಎನ್ನುವರು. ನಗಿರಿ, ನಗಿರಿ. ಅವರೂ ಹೀಗೆಯೇ ನಗುತ್ತಿದ್ದರು.

ದಿನಾ ಗುಡಿಸಿದೆ. ಗುಡಿಸಿದ್ದು ತಪ್ಪೇ? ಖಂಡಿತ ಅಲ್ಲ. ಇವತ್ತೂ ಗುಡಿಸಿಯೇ ಬಂದಿದ್ದೇನೆ. ಅವರು ಹೋದ ಮೇಲೆ ಎರಡು ಯುಗಾದಿ ಕಳೆದವು. ಈಗ ನಮ್ಮ ಕಟ್ಟೆ ಗುಡಿಸುವ ಮುಂಚೆಯೂ ಚೊಕ್ಕಟವಾಗಿಯೇ ಇರುತ್ತದೆ.

ಮನೆಯಲ್ಲಿ ಅವರ ಫೋಟೋ ಇದೆ. ಸ್ಟುಡಿಯೋದ್ದು, ಹಾರ ಹಾಕಿದ್ದೇವೆ. ಅದರಲ್ಲಿ ಯಾರದೋ ಮದುವೆಗೆ ಬಂದ ಬೀಗರಂತೆ ಬಿಗಿದುಕೊಂಡು ಕೂತಿದ್ದಾರೆ. ಇಲ್ಲಿಯದನ್ನು ಕನ್ನಡಕ ಒರೆಸಿಕೊಂಡು ನೋಡಿದೆ. ಮನುಷ್ಯರಿಲ್ಲ. ಚೆಲ್ಲಿದ ಮಂಡಕ್ಕಿ ಇದೆ, ಮಗುಚಿದ ಚಪ್ಪಲಿ ಇದೆ, ಬಾಗಿಲು ತೆರೆದಿದೆ. ಆಗ ನೆನಪಾಯಿತು. ನಾನು ಕಸಬರಿಗೆಗೆ ಹೋದಾಗ ಅವರೂ ಎದ್ದು, "ತಡಿಯಪ್ಪಾ, ನಿನಗೂ ಒಂದು ಹಿಡಿ ಮಂಡಕ್ಕಿ ತರ್ತೀನಿ" ಎಂದು ಒಳಗೆ ಬಂದಿದ್ದರು. ಚಪ್ಪಲಿ ಬಾಗಿಲ ಹೊರಗಿದ್ದರೆ ಏನರ್ಥ? ನೀವೇ ಹೇಳಿ, ಏನರ್ಥ? ಮನುಷ್ಯ ಮನೆಯಲ್ಲಿದ್ದಾನೆ ಎಂದರ್ಥ.

ಫೋಟೋ ಅಲ್ಲಿಯೇ ಇರಲಿ. ಬೀಗರು ಬರಲಿ, ನೋಡಲಿ. ರಮೇಶ, ನೀನೇ ಕರೆದುಕೊಂಡು ಬಾ.

ಆದರೆ ಆ ಚೀಟಿ ಇರಕೂಡದು. ಮಾಲತೇಶ್, ಪೆನ್ನು ತೆಗೆಯಿರಿ. ಗಂಡನ ಹೆಸರನ್ನು ನಾನು ನಾಲ್ಕು ಜನರ ಮುಂದೆ ಹೇಳಿದ್ದು ಮದುವೆಯ ದಿನ, ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ. ಇವತ್ತೂ ಒಡಪಿನಲ್ಲಿಯೇ ಹೇಳುತ್ತೇನೆ, ಪದ್ಧತಿ ಮುರಿದಳು ಎನ್ನಬೇಡಿ.

ಕಟ್ಟೆ ಮ್ಯಾಲೆ ಮಂಡಕ್ಕಿ,
ತಿನ್ನಾಕ ಬಂತು ಗುಬ್ಬಕ್ಕಿ,
ಚಪ್ಪಲಿ ಬಿಟ್ಟು ಒಳಗ್ಯಾರು?
ನಮ್ಮ ಮನಿಯ ಮಾರಣ್ಣಾರು.

ಬರೆದುಕೊಂಡಿರಾ? "ಮಾರಣ್ಣನವರ ಮನೆ, ಕಸ ಗುಡಿಸುವ ಮುಂಚೆ." ಅಷ್ಟು ಸಾಕು.

ಕರೆದವರಿಗೆ, ಕೂತು ಕೇಳಿದವರಿಗೆ ನನ್ನ ವಂದನೆಗಳು. ಹೊರಗೆ ಮಂಡಕ್ಕಿ, ಮಿರ್ಚಿ ಇಟ್ಟಿದ್ದಾರಂತೆ. ನೆಲಕ್ಕೆ ಚೆಲ್ಲದಂತೆ ತಿನ್ನಿರಿ. ಚೆಲ್ಲಿದರೂ ಇವತ್ತೊಂದು ದಿನ ನಾನು ಏನೂ ಅನ್ನುವುದಿಲ್ಲ.

ನಮಸ್ಕಾರ.